ಸೆಕೆಂಡಿನ ಅಳತೆ, ನ್ಯಾನೊಸೆಕೆಂಡಿನ ಚಲನೆ: ಪೆಪ್ಟೈಡ್‌ಗಳ ಎನ್‌ಎಂಆರ್ ರಿಲ್ಯಾಕ್ಸೇಷನ್

ಪ್ರಶ್ನೆ: ನಾನು ಎಂ.ಎಸ್ಸಿ. ರಸಾಯನಶಾಸ್ತ್ರದ ವಿದ್ಯಾರ್ಥಿನಿ. ಪ್ರಾಜೆಕ್ಟ್‌ಗಾಗಿ ಆಕ್ಸಿಟೋಸಿನ್ ಎಂಬ ಒಂಬತ್ತು ಅಮೈನೊ ಆಮ್ಲಗಳ ಪೆಪ್ಟೈಡ್ ಕೊಟ್ಟಿದ್ದಾರೆ. ಎನ್‌ಎಂಆರ್‌ನಲ್ಲಿ, ಅಂದರೆ ಕಾಂತಕ್ಷೇತ್ರದಲ್ಲಿಟ್ಟ ನ್ಯೂಕ್ಲಿಯಸ್‌ಗಳನ್ನು ರೇಡಿಯೊ ತರಂಗದಿಂದ ಕದಲಿಸಿ ನೋಡುವ ವಿಧಾನದಲ್ಲಿ, ಅದರ ಕಾರ್ಬನ್‌ಗಳ ಟಿ1 (ಕದಲಿದ ನ್ಯೂಕ್ಲಿಯಸ್‌ಗಳು ಸಮತೋಲನಕ್ಕೆ ಮರಳುವ ಕಾಲ) ಅಳೆದರೆ ಅಣುವಿನ ಯಾವ ಭಾಗ ಬಿಗಿ, ಯಾವ ಭಾಗ ಸಡಿಲ ಎಂಬುದು ತಿಳಿಯುತ್ತದೆ ಎನ್ನುತ್ತಾರೆ. ಟಿ1 ಸೆಕೆಂಡಿನ ಲೆಕ್ಕದ್ದು. ಅಣು ಹೊರಳುವುದೋ ಸೆಕೆಂಡಿನ ನೂರು ಕೋಟಿಯ ಒಂದು ಭಾಗದಷ್ಟು ಹೊತ್ತಿನಲ್ಲಿ. ಇಷ್ಟು ನಿಧಾನದ ಅಳತೆ ಅಷ್ಟು ವೇಗದ ಚಲನೆಯನ್ನು ಹೇಗೆ ಹಿಡಿಯುತ್ತದೆ? ಅದು ಹೇಳಿದ್ದನ್ನು ಎಷ್ಟರಮಟ್ಟಿಗೆ ನಂಬಬಹುದು? ನಮ್ಮ ವಿಭಾಗದಲ್ಲಿ 400 ಮೆಗಾಹರ್ಟ್ಸ್ ಉಪಕರಣ ಒಂದೇ ಇದೆ.

ಉತ್ತರ: ನಿಮ್ಮ ಮೊದಲ ಪ್ರಶ್ನೆಯಲ್ಲೇ ಈ ವಿದ್ಯೆಯ ತಿರುಳಿದೆ. ಎಷ್ಟೋ ಮಂದಿ ಅದನ್ನು ಕೇಳದೆಯೇ ಟಿ1 ಅಳೆದು, ಪಟ್ಟಿ ಮಾಡಿ, ಪ್ರಬಂಧ ಮುಗಿಸಿಬಿಡುತ್ತಾರೆ. ಹಾಗಾಗಿ ಅಲ್ಲಿಂದಲೇ ಹೊರಡೋಣ.

ರೇಡಿಯೊ ಪಲ್ಸ್ ಕೊಟ್ಟು ಕದಲಿಸಿದ ನ್ಯೂಕ್ಲಿಯಸ್‌ಗಳು ಸಮತೋಲನಕ್ಕೆ ಮರಳುವುದೇ ರಿಲ್ಯಾಕ್ಸೇಷನ್. ಆದರೆ ಅವು ತಮ್ಮಷ್ಟಕ್ಕೆ ತಾವೇ ಮರಳುವುದಿಲ್ಲ. ತಾವಾಗಿ ಶಕ್ತಿ ಹೊರಸೂಸಿ ಕೆಳಗಿಳಿಯುವುದು ರೇಡಿಯೊ ಆವರ್ತನಗಳಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪ. ಅವುಗಳನ್ನು ಯಾರಾದರೂ ತಳ್ಳಬೇಕು. ನಿಮ್ಮ ಕಾರ್ಬನ್-13 ನ್ಯೂಕ್ಲಿಯಸ್‌ನ ಮಟ್ಟಿಗೆ ಆ ಕೆಲಸ ಮಾಡುವುದು ಅದಕ್ಕೆ ಅಂಟಿಕೊಂಡಿರುವ ಹೈಡ್ರೋಜನ್. ಎರಡರ ನಡುವಿನ ದೂರ 1.09 ಆಂಗ್‌ಸ್ಟ್ರಾಂ. ಹೈಡ್ರೋಜನ್ ನ್ಯೂಕ್ಲಿಯಸ್ ಕೂಡ ಒಂದು ಪುಟ್ಟ ಅಯಸ್ಕಾಂತವೇ ಆದ್ದರಿಂದ, ಅಣು ನೀರಿನಲ್ಲಿ ಹೊರಳಿ ಆ ಬಂಧದ ದಿಕ್ಕು ಬದಲಾದಂತೆಲ್ಲ ಕಾರ್ಬನ್ ಇರುವ ಜಾಗದಲ್ಲಿ ಕಾಂತಕ್ಷೇತ್ರ ಏರಿಳಿಯುತ್ತದೆ.

ತೊಟ್ಟಿಲಿಗೆ ಅಡ್ಡಾದಿಡ್ಡಿಯಾಗಿ ಕೈ ತಗಲುತ್ತಲೇ ಇದೆ ಎಂದುಕೊಳ್ಳಿ. ಕೈ ಅತಿ ವೇಗವಾಗಿ ನಡುಗಿದರೂ ತೊಟ್ಟಿಲು ತೂಗುವುದಿಲ್ಲ, ಅತಿ ನಿಧಾನವಾಗಿ ಸರಿದರೂ ತೂಗುವುದಿಲ್ಲ. ಅದರದೇ ಲಯಕ್ಕೆ ಹೊಂದಿದ ತಳ್ಳುವಿಕೆಗೆ ಮಾತ್ರ ಅದು ಸ್ಪಂದಿಸುತ್ತದೆ. ನ್ಯೂಕ್ಲಿಯಸ್‌ನ ವಿಷಯವೂ ಇಷ್ಟೇ. ಅಣುವಿನ ಹೊರಳಾಟದಲ್ಲಿ ಎಲ್ಲ ವೇಗಗಳೂ ಬೆರೆತಿರುತ್ತವೆ. ಅವುಗಳಲ್ಲಿ ನ್ಯೂಕ್ಲಿಯಸ್‌ನ ಅನುರಣನ ಆವರ್ತನಕ್ಕೆ, ಅದರ ಜೊತೆ ಹೈಡ್ರೋಜನ್ ಆವರ್ತನವನ್ನು ಕೂಡಿಸಿ ಕಳೆದು ಬರುವ ಕೆಲವು ಆವರ್ತನಗಳಿಗೆ ಸಿಗುವ ಪಾಲು ಎಷ್ಟು ಎಂಬುದೇ ಟಿ1 ಅನ್ನು ನಿರ್ಧರಿಸುತ್ತದೆ. ಆ ಪಾಲಿನ ಹೆಸರು ಸ್ಪೆಕ್ಟ್ರಲ್ ಡೆನ್ಸಿಟಿ. ಬ್ಲೂಂಬರ್ಗೆನ್, ಪರ್ಸೆಲ್ ಮತ್ತು ಪೌಂಡ್ 1948ರಲ್ಲಿ ಹಾರ್ವರ್ಡ್‌ನಿಂದ ಈ ವಿಚಾರವನ್ನು ಮುಂದಿಟ್ಟರು. ಇವತ್ತಿಗೂ ನಾವು ನಿಂತಿರುವುದು ಅದೇ ತಳಪಾಯದ ಮೇಲೆ.

ಈಗ ಸೆಕೆಂಡು ಮತ್ತು ನ್ಯಾನೊಸೆಕೆಂಡಿನ ಒಗಟು ಬಿಡಿಸೋಣ. ಒಂದು ಕಾರ್ಬನ್, ಒಂದು ಹೈಡ್ರೋಜನ್ ನಡುವಿನ ಕಾಂತೀಯ ಸೆಳೆತದ ಬಲವನ್ನು ವರ್ಗ ಮಾಡಿದರೆ ಸಿಗುವ ಸಂಖ್ಯೆ, ಸೆಕೆಂಡಿನ ವರ್ಗಕ್ಕೆ ಸುಮಾರು 2,100 ಕೋಟಿ. ಅಣು ತನ್ನ ದಿಕ್ಕನ್ನು ಮರೆಯಲು ಬೇಕಾಗುವ ಸರಾಸರಿ ಹೊತ್ತಿಗೆ ಕೋರಿಲೇಷನ್ ಕಾಲ ಎನ್ನುತ್ತೇವೆ. ಆಕ್ಸಿಟೋಸಿನ್‌ನ ಅಣುತೂಕ ಸುಮಾರು 1,007. ಇಷ್ಟು ಗಾತ್ರದ ಅಣುವಿಗೆ 25 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ ಆ ಕಾಲ ಹೆಚ್ಚುಕಡಿಮೆ ಅರ್ಧ ನ್ಯಾನೊಸೆಕೆಂಡು. ಎರಡನ್ನೂ ಗುಣಿಸಿ ನೋಡಿ, ಸೆಕೆಂಡಿಗೆ ಸುಮಾರು 10 ಎಂಬ ವೇಗ ಬರುತ್ತದೆ. ಅಂದರೆ ಟಿ1 ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸು. ನಿಮ್ಮ ಉಪಕರಣದ 400 ಮೆಗಾಹರ್ಟ್ಸ್ ಎಂಬುದು ಹೈಡ್ರೋಜನ್ ಆವರ್ತನ, ಅದರಲ್ಲಿ ಕಾರ್ಬನ್ ಆವರ್ತನ 100 ಮೆಗಾಹರ್ಟ್ಸ್. ಹೊರಳಾಟದಲ್ಲಿ ಈ ಆವರ್ತನಗಳಿಗೆ ಸಿಗುವ ಪಾಲು ಎಷ್ಟು ಎಂಬ ತಿದ್ದುಪಡಿಯನ್ನು ಸೇರಿಸಿದರೆ ಟಿ1 0.19 ಸೆಕೆಂಡ್ ಆಗುತ್ತದೆ. ಟಿ1 ಚಲನೆಯ ಅವಧಿಯಲ್ಲ, ಚಲನೆಯ ಫಲ. ಕೋಟಿಗಟ್ಟಲೆ ಪುಟ್ಟ ತಳ್ಳುವಿಕೆಗಳಲ್ಲಿ ಹೆಚ್ಚಿನವು ವ್ಯರ್ಥವಾಗಿ, ಕೆಲವೇ ಕೆಲವು ಕೂಡಿಕೊಂಡು ನಿಧಾನವಾಗಿ ಮಾಡಿದ ಕೆಲಸ ಅದು. ನೀವು ಸೆಕೆಂಡಿನಲ್ಲಿ ಅಳೆದ ಸಂಖ್ಯೆಯನ್ನು ಆ 2,100 ಕೋಟಿಯ ಮೂಲಕ ಹಿಂದಕ್ಕೆ ಓದಿದರೆ ನ್ಯಾನೊಸೆಕೆಂಡು ಕೈಗೆ ಬರುತ್ತದೆ.

ಆಕ್ಸಿಟೋಸಿನ್ ಒಳ್ಳೆಯ ಆಯ್ಕೆ. ಹೆರಿಗೆಯಲ್ಲಿ ಗರ್ಭಾಶಯದ ಸಂಕೋಚನಕ್ಕೆ, ಎದೆಹಾಲು ಇಳಿಯುವುದಕ್ಕೆ ಕಾರಣವಾಗುವ ಹಾರ್ಮೋನ್ ಇದು. ವಿನ್ಸೆಂಟ್ ಡು ವಿನ್ಯೊ ಇದನ್ನು 1953ರಲ್ಲಿ ಪ್ರಯೋಗಾಲಯದಲ್ಲಿ ಸಂಶ್ಲೇಷಿಸಿದರು, 1955ರಲ್ಲಿ ಅವರಿಗೆ ನೊಬೆಲ್ ಬಂತು. ಅದರ ರಚನೆಯೇ ನಿಮ್ಮ ಪ್ರಶ್ನೆಗೆ ಹೇಳಿ ಮಾಡಿಸಿದಂತಿದೆ. ಒಂದನೆಯ ಮತ್ತು ಆರನೆಯ ಸಿಸ್ಟೀನ್‌ಗಳು ಗಂಧಕದ ಸೇತುವೆಯಿಂದ ಬೆಸೆದು ಒಂದು ಉಂಗುರವಾಗಿವೆ. ಆ ಉಂಗುರದಿಂದ ಪ್ರೋಲಿನ್, ಲ್ಯೂಸಿನ್, ಗ್ಲೈಸಿನ್ ಎಂಬ ಮೂರರ ಬಾಲ ಹೊರಟಿದೆ. ಒಂದೇ ಅಣುವಿನಲ್ಲಿ ಕಟ್ಟಿಹಾಕಿದ ಭಾಗವೂ ಬಿಟ್ಟ ಭಾಗವೂ ಇರುವುದರಿಂದ ಹೋಲಿಸಿ ನೋಡಲು ಬೇರೆ ಅಣು ಬೇಕಿಲ್ಲ. 1970ರ ದಶಕದಲ್ಲಿ ಒಟ್ಟಾವದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನ ರೊಕ್ಸಾನ್ ಡೆಲೋರಿಯೆ ಮತ್ತು ಇಯಾನ್ ಸ್ಮಿತ್, ರೋಡೆರಿಕ್ ವಾಲ್ಟರ್ ಜೊತೆಗೂಡಿ ಇದೇ ಅಣುವಿನ ಕಾರ್ಬನ್ ಟಿ1 ಅಳೆದರು. ಉಂಗುರದ ಬೆನ್ನೆಲುಬಿನ ಕಾರ್ಬನ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಬೆಲೆ ತೋರಿದವು, ಬಾಲದ ತುದಿಗೆ ಹೋದಂತೆ ಚಲನೆ ಹೆಚ್ಚಿತು. ನೈಟ್ರೋಜನ್-15 ಸೇರಿಸಿ ತಯಾರಿಸಿದ ಮಾದರಿಗಳು ಸುಲಭವಾಗಿ ಸಿಗದಿದ್ದ ಕಾಲವದು. ಪ್ರಕೃತಿಯಲ್ಲಿರುವ ಕಾರ್ಬನ್‌ನಲ್ಲಿ ನೂರಕ್ಕೆ 1.1ರಷ್ಟು ಮಾತ್ರ ಕಾರ್ಬನ್-13. ಅಷ್ಟರಲ್ಲೇ ಅವರು ಈ ಕೆಲಸ ಮಾಡಿದರು. ನನಗೆ ಇವತ್ತಿಗೂ ಆ ಪ್ರಯೋಗಗಳ ಬಗ್ಗೆ ಅಪಾರ ಗೌರವವಿದೆ.

ನೀವು ಅಳೆಯುವಾಗ ಏನು ಕಾಣಿಸುತ್ತದೆ ಎಂಬುದನ್ನು ಒಂದೆಡೆ ನಿಂತು ನೋಡೋಣ. ಇನ್ವರ್ಷನ್ ರಿಕವರಿ ವಿಧಾನದಲ್ಲಿ ಮೊದಲು 180 ಡಿಗ್ರಿ ಪಲ್ಸ್ ಕೊಟ್ಟು ಎಲ್ಲ ಸಂಕೇತಗಳನ್ನೂ ತಲೆಕೆಳಗು ಮಾಡುತ್ತೀರಿ, ಸ್ವಲ್ಪ ಕಾಯುತ್ತೀರಿ, ಆಮೇಲೆ 90 ಡಿಗ್ರಿ ಪಲ್ಸ್ ಕೊಟ್ಟು ಓದುತ್ತೀರಿ. ಟಿ1ರ 0.69 ಪಾಲಿನಷ್ಟು ಹೊತ್ತು ಕಳೆದಾಗ ಸಂಕೇತ ಶೂನ್ಯವನ್ನು ದಾಟುತ್ತದೆ. ಉಂಗುರದ ಆಲ್ಫಾ ಕಾರ್ಬನ್‌ನ (ಅಮೈನೊ ಆಮ್ಲದ ಬೆನ್ನೆಲುಬಿನಲ್ಲಿ ಪಕ್ಕದ ಸರಪಳಿ ಹೊರಡುವ ಕಾರ್ಬನ್) ಕೋರಿಲೇಷನ್ ಕಾಲ 0.5 ನ್ಯಾನೊಸೆಕೆಂಡ್, ಬಾಲದ ತುದಿಯ ಗ್ಲೈಸಿನ್‌ನದು 0.1 ನ್ಯಾನೊಸೆಕೆಂಡ್ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಆಗ ಉಂಗುರದ ಕಾರ್ಬನ್ 0.13 ಸೆಕೆಂಡಿಗೆ ಶೂನ್ಯ ದಾಟುತ್ತದೆ, ಗ್ಲೈಸಿನ್ 0.17 ಸೆಕೆಂಡಿಗೆ. 0.15 ಸೆಕೆಂಡ್ ಕಾದು ತೆಗೆದ ಸ್ಪೆಕ್ಟ್ರಂನಲ್ಲಿ ಉಂಗುರದ ಗೆರೆಗಳು ಆಗಲೇ ಮೇಲೆದ್ದಿರುತ್ತವೆ, ಗ್ಲೈಸಿನ್ ಗೆರೆ ಇನ್ನೂ ಕೆಳಮುಖವಾಗಿಯೇ ಇರುತ್ತದೆ.

ಟಿ1ಗಳ ಬೆಲೆ ಎಷ್ಟು? ಒಂದು 0.19, ಇನ್ನೊಂದು 0.25. ವ್ಯತ್ಯಾಸ ಇಷ್ಟೇ ತಾನೆ ಎನ್ನಿಸಬಹುದು. ಆದರೆ ಗ್ಲೈಸಿನ್‌ನ ಆಲ್ಫಾ ಕಾರ್ಬನ್‌ಗೆ ಎರಡು ಹೈಡ್ರೋಜನ್‌ಗಳಿವೆ, ಎರಡೂ ಅದನ್ನು ತಳ್ಳುತ್ತವೆ. ಹೋಲಿಸಬೇಕಾದದ್ದು ಟಿ1 ಅನ್ನು ಹೈಡ್ರೋಜನ್‌ಗಳ ಸಂಖ್ಯೆಯಿಂದ ಗುಣಿಸಿ ಬರುವ ಬೆಲೆಯನ್ನು. ಹಾಗೆ ಮಾಡಿದಾಗ ಉಂಗುರಕ್ಕೆ 0.19, ಗ್ಲೈಸಿನ್‌ಗೆ 0.5. ಎರಡೂವರೆ ಪಟ್ಟಿಗೂ ಮೀರಿದ ಅಂತರ ಆಗ ಮಾತ್ರ ಕಣ್ಣಿಗೆ ಬೀಳುತ್ತದೆ. ಇದೇ ಎಚ್ಚರಿಕೆಯಿಂದ ಪ್ರೋಲಿನ್ ಉಂಗುರವನ್ನೂ ನೋಡಿ. ಅದರ ಗ್ಯಾಮಾ ಕಾರ್ಬನ್ ಅಕ್ಕಪಕ್ಕದವುಗಳಿಗಿಂತ ಹೆಚ್ಚು ಸಡಿಲವಾಗಿರುತ್ತದೆ, ಏಕೆಂದರೆ ಐದು ಪರಮಾಣುಗಳ ಆ ಪುಟ್ಟ ಉಂಗುರ ಮೇಲಕ್ಕೂ ಕೆಳಕ್ಕೂ ಮಡಚಿಕೊಳ್ಳುತ್ತಲೇ ಇರುತ್ತದೆ. ಮೀಥೈಲ್ ಗುಂಪುಗಳು ತಮ್ಮ ಅಕ್ಷದ ಮೇಲೆ ಸುತ್ತುವುದು ಎಷ್ಟು ವೇಗವೆಂದರೆ ಅವುಗಳನ್ನು ಬೆನ್ನೆಲುಬಿನ ಕಾರ್ಬನ್‌ಗಳ ಸಾಲಿನಲ್ಲಿಟ್ಟು ಹೋಲಿಸಲೇಬಾರದು.

ಇನ್ನು ನಂಬಿಕೆಯ ವಿಚಾರ. ಟಿ1 ಒಂದನ್ನೇ ನಂಬಬೇಡಿ. ಚಲನೆ ನಿಧಾನವಾಗುತ್ತ ಹೋದಂತೆ ಟಿ1 ಮೊದಲು ಕಡಿಮೆಯಾಗುತ್ತದೆ, ಒಂದು ತಳ ಮುಟ್ಟುತ್ತದೆ, ಮತ್ತೆ ಏರುತ್ತದೆ. ಹಾಗಾಗಿ ಒಂದೇ ಟಿ1ಗೆ ಎರಡು ಉತ್ತರಗಳಿರುತ್ತವೆ. ನಿಮ್ಮ ಉಪಕರಣದಲ್ಲಿ ಕೋರಿಲೇಷನ್ ಕಾಲ 0.5 ನ್ಯಾನೊಸೆಕೆಂಡ್ ಆದರೂ 2.5 ನ್ಯಾನೊಸೆಕೆಂಡ್ ಆದರೂ ಟಿ1 ಬರುವುದು 0.19 ಸೆಕೆಂಡೇ! ಐದು ಪಟ್ಟು ವ್ಯತ್ಯಾಸ, ಅಳತೆ ಮಾತ್ರ ಒಂದೇ. ಒಂಬತ್ತರ ಪೆಪ್ಟೈಡ್‌ಗೆ 2.5 ಎಲ್ಲಿಂದ ಬರಬೇಕು ಎಂದು ತಳ್ಳಿಹಾಕುವ ಮೊದಲು, ಗಾಢ ದ್ರಾವಣದಲ್ಲಿ ಪೆಪ್ಟೈಡ್‌ಗಳು ಗುಂಪುಗೂಡುತ್ತವೆ ಎಂಬುದನ್ನು ನೆನೆಯಿರಿ. ಕಾರ್ಬನ್ ಸಂಕೇತ ಕ್ಷೀಣವೆಂದು ನಾವು ದ್ರಾವಣವನ್ನು ಗಾಢ ಮಾಡುತ್ತೇವೆ, ಆ ಗಾಢತೆಯೇ ಅಣುಗಳನ್ನು ಒಂದಕ್ಕೊಂದು ಅಂಟಿಸುತ್ತದೆ.

ಎರಡು ಉತ್ತರಗಳಲ್ಲಿ ಒಂದನ್ನು ಆರಿಸಲು ಇನ್ನೊಂದು ಅಳತೆ ಬೇಕು. ಟಿ2, ಅಂದರೆ ಪಲ್ಸ್ ಎಬ್ಬಿಸಿದ ಸಂಕೇತ ಆರಿಹೋಗುವ ಕಾಲ, ಅಳೆದರೆ ಮೊದಲನೆಯದಕ್ಕೆ 0.165 ಸೆಕೆಂಡ್, ಎರಡನೆಯದಕ್ಕೆ 0.07 ಸೆಕೆಂಡ್. ಹೈಡ್ರೋಜನ್‌ಗಳನ್ನು ರೇಡಿಯೊ ತರಂಗದಿಂದ ಸಮಗೊಳಿಸಿದಾಗ ಕಾರ್ಬನ್ ಸಂಕೇತ ಎಷ್ಟು ಪಟ್ಟು ಬಲಿಯುತ್ತದೆ ಎಂಬುದು ಎನ್‌ಒಇ. ಅದು ಮೊದಲನೆಯದಕ್ಕೆ 2ರ ಹತ್ತಿರ, ಎರಡನೆಯದಕ್ಕೆ ಬರೀ 1.2. ಬೇರೆಲ್ಲಾದರೂ 800 ಮೆಗಾಹರ್ಟ್ಸ್ ಉಪಕರಣ ಸಿಕ್ಕಿದರೆ ಟಿ1 ಒಂದೇ ಸಾಕು, ಅಲ್ಲಿ 0.32 ಮತ್ತು 0.60 ಎಂದು ಎರಡೂ ಬೇರೆಯಾಗಿಬಿಡುತ್ತವೆ. ಇವೆಲ್ಲ ಅಣುವನ್ನು ಗಟ್ಟಿ ಗೋಳವೆಂದು ಭಾವಿಸಿ ಮಾಡಿದ ಲೆಕ್ಕಗಳು. ನಿಜವಾದ ಬೆಲೆಗಳು ಒಂದಿಷ್ಟು ಆಚೀಚೆ ಇರುತ್ತವೆ, ಆದರೆ ಯಾವ ಕಡೆಗೆ ವಾಲುತ್ತವೆ ಎಂಬುದು ಬದಲಾಗುವುದಿಲ್ಲ.

ಎನ್‌ಒಇ ಮಾತು ಬಂದದ್ದರಿಂದ ನಿಮ್ಮ ಉಪಕರಣಕ್ಕೇ ಸಂಬಂಧಿಸಿದ ಒಂದು ಸಂಗತಿಯನ್ನು ಹೇಳಲೇಬೇಕು. ಹೈಡ್ರೋಜನ್‌ನಿಂದ ಹೈಡ್ರೋಜನ್‌ಗೆ ಹರಿಯುವ ಎನ್‌ಒಇ ಅಣುವಿನ ವೇಗಕ್ಕೆ ತಕ್ಕಂತೆ ಚಿಹ್ನೆ ಬದಲಿಸುತ್ತದೆ. ಪುಟ್ಟ ಅಣುಗಳಿಗೆ ಧನ, ಪ್ರೋಟೀನ್‌ಗಳಿಗೆ ಋಣ. ನಡುವೆ ಒಂದು ಕಡೆ ಅದು ಪೂರ್ತಿ ಶೂನ್ಯ. 400 ಮೆಗಾಹರ್ಟ್ಸ್‌ನಲ್ಲಿ ಆ ಶೂನ್ಯ ಬರುವುದು ಕೋರಿಲೇಷನ್ ಕಾಲ 0.45 ನ್ಯಾನೊಸೆಕೆಂಡ್ ಇರುವಲ್ಲಿ, ಅಂದರೆ ಆಕ್ಸಿಟೋಸಿನ್ ಕೋಣೆಯ ಉಷ್ಣತೆಯಲ್ಲಿ ಹೆಚ್ಚುಕಡಿಮೆ ನಿಂತಿರುವ ಜಾಗದಲ್ಲೇ. ಯಾವ ಹೈಡ್ರೋಜನ್‌ಗಳು ಹತ್ತಿರವಿವೆ ಎಂದು ಈ ಎನ್‌ಒಇ ಮೂಲಕವೇ ತೋರಿಸುವ ನೋಸಿ ಪ್ರಯೋಗ ಮಾಡಿ ಖಾಲಿ ಸ್ಪೆಕ್ಟ್ರಂ ಬಂತೆಂದು ಈ ಪೆಪ್ಟೈಡ್‌ಗೆ ರಚನೆಯೇ ಇಲ್ಲ ಎಂದು ಬರೆದುಬಿಡಬೇಡಿ. ಅಲ್ಲಿ ಇಲ್ಲದಿರುವುದು ಸಂಕೇತವೇ ಹೊರತು ರಚನೆಯಲ್ಲ. 1984ರಲ್ಲಿ ಬಾಥ್ನರ್-ಬೈ ಮತ್ತು ಸಂಗಡಿಗರು ತಂದ, ಈಗ ರೋಸಿ ಎಂದು ಕರೆಯುವ ಪ್ರಯೋಗದಲ್ಲಿ ಈ ಶೂನ್ಯ ಬರುವುದೇ ಇಲ್ಲ, ಅದನ್ನು ಬಳಸಿ. ಇಲ್ಲವೇ ಮಾದರಿಯನ್ನು ತಣ್ಣಗೆ ಮಾಡಿ. ನೋಸಿಯ ಬೇರೂ ರಿಲ್ಯಾಕ್ಸೇಷನ್‌ನಲ್ಲೇ ಇದೆ ಎಂಬುದು ಎಷ್ಟೋ ಸಲ ಮರೆತುಹೋಗುತ್ತದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನಿಲ್ ಕುಮಾರ್ ಅವರು ಜ್ಯೂರಿಕ್‌ನ ಎನ್‌ಎಂಆರ್ ವಿಜ್ಞಾನಿಗಳಾದ ಅರ್ನ್‌ಸ್ಟ್ ಮತ್ತು ವ್ಯೂಟ್ರಿಶ್ ಜೊತೆ 1980ರಲ್ಲಿ ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯಲ್ಲೇ ಹೈಡ್ರೋಜನ್‌ಗಳ ನಡುವಿನ ಅಡ್ಡ ರಿಲ್ಯಾಕ್ಸೇಷನ್‌ನ ಜಾಲ ಎಂಬ ಮಾತಿದೆ. ಪ್ರೋಟೀನ್‌ಗಳ ರಚನೆಯನ್ನು ದ್ರಾವಣದಲ್ಲಿ ಬಿಡಿಸಲು ದಾರಿ ಮಾಡಿಕೊಟ್ಟ ಕೆಲಸವದು. ಮುಂದೆ ಅನಿಲ್ ಕುಮಾರ್ ಬೆಂಗಳೂರಿನಲ್ಲಿದ್ದುಕೊಂಡು, ಎರಡು ಬೇರೆ ಬೇರೆ ಕಾರಣಗಳಿಂದ ಏಳುವ ರಿಲ್ಯಾಕ್ಸೇಷನ್ ಒಂದರೊಡನೊಂದು ಹೇಗೆ ಹೆಣೆದುಕೊಳ್ಳುತ್ತದೆ ಎಂಬುದರ ಮೇಲೆ ವರ್ಷಗಳ ಕಾಲ ಕೆಲಸ ಮಾಡಿದರು.

ಟಿ1, ಟಿ2, ಎನ್‌ಒಇ ಮೂರೂ ಸಿಕ್ಕ ಮೇಲೆ ಸಾಫ್ಟ್‌ವೇರ್ ನಿಮಗೆ ಆರ್ಡರ್ ಪ್ಯಾರಾಮೀಟರ್ ಎಂಬ ಒಂದು ಸಂಖ್ಯೆ ಕೊಡುತ್ತದೆ. ನಾನು ಅತಿ ಹೆಚ್ಚು ಎಚ್ಚರಿಕೆ ಕೇಳುವುದು ಇಲ್ಲಿ. 1982ರಲ್ಲಿ ಲಿಪಾರಿ ಮತ್ತು ಸಾಬೊ ತಂದ ಮಾಡೆಲ್-ಫ್ರೀ ವಿಧಾನ ಅದು. ಬಂಧದ ಚಲನೆಯನ್ನು ಅದು ಎರಡಾಗಿ ಸೀಳುತ್ತದೆ: ಇಡೀ ಅಣುವಿನ ಹೊರಳಾಟ ಒಂದು, ಅಣುವಿನೊಳಗೆ ಆ ಬಂಧದ ಅಲುಗಾಟ ಇನ್ನೊಂದು. ಅಲುಗಾಟ ಇಲ್ಲವೇ ಇಲ್ಲ ಎಂದರೆ ಆರ್ಡರ್ ಪ್ಯಾರಾಮೀಟರ್ 1, ಬಂಧ ಎಲ್ಲ ದಿಕ್ಕಿಗೂ ಸಮನಾಗಿ ತಿರುಗುತ್ತದೆ ಎಂದರೆ 0. 1989ರಲ್ಲಿ ಕೇ, ಟಾರ್ಕಿಯಾ ಮತ್ತು ಬ್ಯಾಕ್ಸ್ ಇದನ್ನು ಸ್ಟ್ಯಾಫಿಲೊಕಾಕಲ್ ನ್ಯೂಕ್ಲಿಯೇಸ್ ಎಂಬ ಪ್ರೋಟೀನಿನ ನೈಟ್ರೋಜನ್-15 ಅಳತೆಗಳಿಗೆ ಹೊಂದಿಸಿ ತೋರಿಸಿದ ಮೇಲೆ ಇದು ಮನೆಮಾತಾಯಿತು. ಪ್ರೋಟೀನ್‌ಗಳ ವಿಷಯದಲ್ಲಿ ಇದು ಸೊಗಸಾಗಿ ನಡೆಯುತ್ತದೆ, ಏಕೆಂದರೆ ಅಲ್ಲಿ ಇಡೀ ಅಣು ಹೊರಳಲು ಹತ್ತಾರು ನ್ಯಾನೊಸೆಕೆಂಡ್ ಬೇಕು, ಒಳಗಿನ ಅಲುಗಾಟಕ್ಕೆ ಅದರ ನೂರನೇ ಒಂದು ಭಾಗ ಸಾಕು. ಎರಡೂ ಚೆನ್ನಾಗಿ ಬೇರೆಯಾಗಿ ನಿಲ್ಲುತ್ತವೆ.

ಪೆಪ್ಟೈಡ್‌ನಲ್ಲಿ ಆ ಅಂತರ ಎಲ್ಲಿದೆ? ಇಡೀ ಅಣುವೇ ಅರ್ಧ ನ್ಯಾನೊಸೆಕೆಂಡಿನಲ್ಲಿ ಹೊರಳುತ್ತದೆ, ಬಾಲದ ಅಲುಗಾಟ 0.1ರಲ್ಲಿ ನಡೆಯುತ್ತದೆ. ಇವೆರಡರ ನಡುವೆ ಗೆರೆ ಎಳೆಯುವುದೇ ಕಷ್ಟ. ಅಷ್ಟು ಸಾಲದೆಂಬಂತೆ, ಬಾಲ ಮಡಚಿದಾಗ ಒಂದು ಆಕಾರ, ಚಾಚಿದಾಗ ಇನ್ನೊಂದು. ಆಕಾರ ಬದಲಾದರೆ ಇಡೀ ಅಣುವಿನ ಹೊರಳಾಟವೂ ಬದಲಾಗುತ್ತದೆ. ಉಂಗುರವೇ ಇಲ್ಲದ ನೇರ ಪೆಪ್ಟೈಡ್‌ನಲ್ಲಂತೂ ಇಡೀ ಅಣುವಿನ ಹೊರಳಾಟ ಎಂಬ ಮಾತಿಗೇ ಗಟ್ಟಿ ಅರ್ಥ ಉಳಿಯುವುದಿಲ್ಲ. ಇಷ್ಟಿದ್ದರೂ ಸಾಫ್ಟ್‌ವೇರ್ ದಶಮಾಂಶದ ಮೂರನೆಯ ಸ್ಥಾನದವರೆಗೆ ಉತ್ತರ ಕೊಟ್ಟೇ ಕೊಡುತ್ತದೆ. ಅದನ್ನು ಹಾಗೆಯೇ ಎತ್ತಿ ಪಟ್ಟಿಯಲ್ಲಿಡುವುದು ವಿಜ್ಞಾನಕ್ಕೆ ಮಾಡುವ ಅನ್ಯಾಯ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಂಖ್ಯೆ ಸರಿಯಾಗಿಯೇ ಬಂತು ಎಂದುಕೊಳ್ಳೋಣ. ಆಗಲೂ ಅದು ಚಲನೆಯ ಹರಹನ್ನು ಹೇಳುತ್ತದೆ, ದಾರಿಯನ್ನಲ್ಲ. ಆರ್ಡರ್ ಪ್ಯಾರಾಮೀಟರ್‌ನ ವರ್ಗ 0.7 ಬಂದರೆ, ಬಂಧ ಸುಮಾರು 27 ಡಿಗ್ರಿ ಅರೆಕೋನದ ಶಂಕುವಿನೊಳಗೆ ಸುತ್ತಾಡುತ್ತಿರಬಹುದು. ಅಥವಾ 39 ಡಿಗ್ರಿ ಅಂತರದ ಎರಡು ನಿಲುವುಗಳ ನಡುವೆ ಸಮಸಮನಾಗಿ ಜಿಗಿಯುತ್ತಿರಬಹುದು. ಎರಡಕ್ಕೂ ಬರುವುದು ಅದೇ 0.7. ಯಾವುದು ನಿಜ ಎಂಬುದನ್ನು ರಿಲ್ಯಾಕ್ಸೇಷನ್ ಒಂದೇ ಹೇಳಲಾರದು. ಅದಕ್ಕಾಗಿಯೇ ಈಗ ಅಣುವಿನ ಚಲನೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಮಾಲಿಕ್ಯುಲರ್ ಡೈನಾಮಿಕ್ಸ್ ಸಿಮ್ಯುಲೇಷನ್ ಮಾಡಿ, ಅದರಿಂದ ಟಿ1, ಟಿ2, ಎನ್‌ಒಇಗಳನ್ನು ಲೆಕ್ಕ ಹಾಕಿ, ಅಳತೆಯೊಡನೆ ನೇರವಾಗಿ ತಾಳೆ ನೋಡುತ್ತಾರೆ. ಆರ್ಡರ್ ಪ್ಯಾರಾಮೀಟರ್‌ಗಳನ್ನು ಹೋಲಿಸುವುದಕ್ಕಿಂತ ಕಚ್ಚಾ ಅಳತೆಗಳನ್ನೇ ಹೋಲಿಸುವುದು ಪೆಪ್ಟೈಡ್‌ಗಳ ಮಟ್ಟಿಗೆ ಪ್ರಾಮಾಣಿಕವಾದ ದಾರಿ. ಆದರೆ ಸಿಮ್ಯುಲೇಷನ್‌ನಲ್ಲಿ ಬಳಸುವ ನೀರಿನ ಕೆಲವು ಹಳೆಯ ಮಾದರಿಗಳು ನಿಜವಾದ ನೀರಿಗಿಂತ ತೆಳು, ಅವುಗಳಲ್ಲಿ ಅಣು ಬೇಗ ಹೊರಳಿಬಿಡುತ್ತದೆ. ಅದನ್ನು ಸರಿಪಡಿಸದೆ ತಾಳೆ ನೋಡಿದರೆ ಲಾಭವಿಲ್ಲ.

ರಿಲ್ಯಾಕ್ಸೇಷನ್ ಕಾಣದ ಚಲನೆಗಳೂ ಇವೆ. ಅಣುವಿನ ಹೊರಳಾಟಕ್ಕಿಂತ ನಿಧಾನವಾದದ್ದು ಟಿ1ರ ಕಣ್ಣಿಗೆ ಬೀಳುವುದಿಲ್ಲ. ಮೈಕ್ರೊಸೆಕೆಂಡಿನಿಂದ ಮಿಲಿಸೆಕೆಂಡಿನವರೆಗಿನ ಬದಲಾವಣೆಗಳು ಟಿ2ರಲ್ಲಿ ಮತ್ತೆ ಕಾಣಿಸಿಕೊಳ್ಳುತ್ತವೆ. ಗಂಧಕದ ಸೇತುವೆ ಒಂದು ತಿರುಚಿನಿಂದ ಇನ್ನೊಂದಕ್ಕೆ ಹೊರಳುವುದು ಇಂಥ ಚಲನೆ. 58 ಅಮೈನೊ ಆಮ್ಲಗಳ ಬಿಪಿಟಿಐ ಎಂಬ ಪುಟ್ಟ ಪ್ರೋಟೀನಿನಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ. ಅದಕ್ಕಿಂತ ನಿಧಾನವಾದದ್ದು ಪ್ರೋಲಿನ್‌ನ ಹಿಂದಿನ ಪೆಪ್ಟೈಡ್ ಬಂಧ ಸಿಸ್ (ಒಂದೇ ಬದಿ) ಮತ್ತು ಟ್ರಾನ್ಸ್ (ಎದುರು ಬದಿ) ಎಂಬ ನಿಲುವುಗಳ ನಡುವೆ ತಿರುಗುವುದು. ಆಕ್ಸಿಟೋಸಿನ್‌ನಲ್ಲಿ ಸುಮಾರು ಹತ್ತರಲ್ಲಿ ಒಂದು ಅಣು ಸಿಸ್ ರೂಪದಲ್ಲಿರುತ್ತದೆ. ಸ್ಪೆಕ್ಟ್ರಂನಲ್ಲಿ ಚಿಕ್ಕ ಚಿಕ್ಕ ಜೊತೆಗೆರೆಗಳು ಕಂಡರೆ ಮಾದರಿ ಕಲುಷಿತ ಎಂದು ಎಸೆಯಬೇಡಿ.

ನಿಮ್ಮ 400 ಮೆಗಾಹರ್ಟ್ಸ್ ಉಪಕರಣದಲ್ಲಿ ನಾನಾದರೆ ಹೀಗೆ ಮಾಡುತ್ತಿದ್ದೆ. ಪಿಎಚ್ 4ರ ಆಸುಪಾಸಿನಲ್ಲಿ ದ್ರಾವಣ ಮಾಡುತ್ತಿದ್ದೆ, ಕ್ಷಾರೀಯವಾದರೆ ಗಂಧಕದ ಸೇತುವೆಗಳು ಅದಲುಬದಲಾಗುತ್ತವೆ. ಲೋಹದ ಅಯಾನುಗಳು ಅಳತೆ ಕೆಡಿಸದಂತೆ ಅವುಗಳನ್ನು ಹಿಡಿದಿಡುವ ಇಡಿಟಿಎಯನ್ನು ಒಂದಿಷ್ಟು ಸೇರಿಸುತ್ತಿದ್ದೆ. ಭಾರಜಲ ಸಾಧಾರಣ ನೀರಿಗಿಂತ ನೂರಕ್ಕೆ ಇಪ್ಪತ್ತಕ್ಕೂ ಹೆಚ್ಚು ಸ್ನಿಗ್ಧ, ಆದ್ದರಿಂದ ಯಾವ ದ್ರಾವಕದಲ್ಲಿ ಅಳೆದೆ ಎಂಬುದನ್ನು ತಪ್ಪದೆ ಬರೆದಿಡುತ್ತಿದ್ದೆ. ಉಪಕರಣದ ಪರದೆ ತೋರಿಸುವ ಉಷ್ಣತೆಯನ್ನು ನಂಬದೆ ಮೆಥನಾಲ್ ಮಾದರಿಯಿಂದ ಪರೀಕ್ಷಿಸುತ್ತಿದ್ದೆ. ಎರಡು ಅಳತೆಗಳ ನಡುವೆ ಅತಿ ಉದ್ದದ ಟಿ1ರ ಐದು ಪಟ್ಟು ಕಾಯುತ್ತಿದ್ದೆ. ದ್ರಾವಣವನ್ನು ಅರ್ಧಕ್ಕೆ ತೆಳು ಮಾಡಿ ಒಮ್ಮೆ ಮತ್ತೆ ಅಳೆಯುತ್ತಿದ್ದೆ. ಬೆಲೆ ಬದಲಾಗದಿದ್ದರೆ ಅಣುಗಳು ಗುಂಪುಗೂಡಿಲ್ಲ ಎಂಬ ಧೈರ್ಯ ಬರುತ್ತದೆ.

ಎರಡನೆಯ ಉಪಕರಣ ಇಲ್ಲದ ಕೊರತೆಯನ್ನು ಬಹುಮಟ್ಟಿಗೆ ಉಷ್ಣತೆ ತುಂಬುತ್ತದೆ. 25 ಡಿಗ್ರಿಯಿಂದ 5 ಡಿಗ್ರಿಗೆ ಇಳಿಸಿದರೆ ನೀರಿನ ಸ್ನಿಗ್ಧತೆ 0.89ರಿಂದ 1.52 ಮಿಲಿಪ್ಯಾಸ್ಕಲ್-ಸೆಕೆಂಡಿಗೆ ಏರುತ್ತದೆ, ಅಣುವಿನ ಕೋರಿಲೇಷನ್ ಕಾಲ 0.5ರಿಂದ 0.9 ನ್ಯಾನೊಸೆಕೆಂಡಿಗೆ ಹೋಗುತ್ತದೆ. ಟಿ1 ತಣ್ಣಗಾದಾಗ ಕಡಿಮೆಯಾದರೆ ನೀವು ವೇಗದ ಬದಿಯಲ್ಲಿದ್ದೀರಿ, ಹೆಚ್ಚಾದರೆ ನಿಧಾನದ ಬದಿಯಲ್ಲಿದ್ದೀರಿ. ಒಂದೇ ಟಿ1ಗೆ ಎರಡು ಉತ್ತರ ಎಂಬ ತೊಡಕು ಅಲ್ಲಿಗೆ ಮುಗಿಯುತ್ತದೆ. ಜೊತೆಗೆ ಇಡೀ ಅಣು ನಿಧಾನವಾದಾಗ ಒಳಗಿನ ಅಲುಗಾಟ ಅದರಿಂದ ಸ್ವಲ್ಪ ದೂರ ಸರಿದು, ಎರಡನ್ನೂ ಬೇರ್ಪಡಿಸುವುದು ತುಸು ಸುಲಭವಾಗುತ್ತದೆ. 5, 25 ಮತ್ತು 40 ಡಿಗ್ರಿಗಳಲ್ಲಿ ಟಿ1 ಮತ್ತು ಎನ್‌ಒಇ ಅಳೆಯಿರಿ. ಗೆರೆಗಳು ಒಂದರ ಮೇಲೊಂದು ಬೀಳದ ಕಾರ್ಬನ್‌ಗಳಿಗೆ ಟಿ2 ಕೂಡ ಸೇರಿಸಿ.

ವರದಿಯಲ್ಲಿ ಎದೆ ತಟ್ಟಿ ಹೇಳಬಹುದಾದದ್ದು ಇಷ್ಟು: ಉಂಗುರದ ಬೆನ್ನೆಲುಬಿಗೆ ಹೋಲಿಸಿದರೆ ಲ್ಯೂಸಿನ್ ಎಷ್ಟು ಸಡಿಲ, ಗ್ಲೈಸಿನ್ ಎಷ್ಟು ಸಡಿಲ, ಪ್ರೋಲಿನ್‌ನ ಗ್ಯಾಮಾ ಕಾರ್ಬನ್ ಎಷ್ಟು ಸಡಿಲ, ಉಷ್ಣತೆ ಏರಿದಾಗ ಈ ಅಂತರ ಹೇಗೆ ಬದಲಾಗುತ್ತದೆ. ಇದಕ್ಕೆ ಯಾವ ಮಾದರಿಯ ಹಂಗೂ ಬೇಡ, ಹೈಡ್ರೋಜನ್ ಸಂಖ್ಯೆಯಿಂದ ಗುಣಿಸಿದ ಟಿ1ಗಳ ಅನುಪಾತಗಳೇ ಸಾಕು. ಆರ್ಡರ್ ಪ್ಯಾರಾಮೀಟರ್ ಕೊಡಲೇಬೇಕೆಂದು ಮಾರ್ಗದರ್ಶಕರು ಹೇಳಿದರೆ ಉಂಗುರದ ಕಾರ್ಬನ್‌ಗಳಿಗೆ ಮಾತ್ರ ಕೊಡಿ. ಬಾಲಕ್ಕೆ ಏಕೆ ಕೊಟ್ಟಿಲ್ಲ ಎಂಬುದಕ್ಕೆ, ಅಲ್ಲಿ ಇಡೀ ಅಣುವಿನ ಹೊರಳಾಟವೂ ಬಾಲದ ಅಲುಗಾಟವೂ ಕಾಲಮಾನದಲ್ಲಿ ಬೇರೆಯಾಗುವುದಿಲ್ಲ ಎಂಬ ಕಾರಣವನ್ನು ಅದೇ ಪುಟದಲ್ಲಿ ಬರೆಯಿರಿ.